ನೀಲಿ ಲೋಟದ ಮೂರನೇ ಪ್ರಶ್ನೆ

ಅವಳನ್ನು ನಾನು ಮೊದಲು ಕಂಡದ್ದು ಒಂದು ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ ಹದಿನೆಂಟು ನಿಮಿಷಕ್ಕೆ. ಬೂದು ಬಣ್ಣದ ಕೋಟು. ಕೋಟಿಗೆ ಮೇಲಿನಿಂದ ಎರಡನೆಯ ಗುಂಡಿ ಇರಲಿಲ್ಲ. ಚರ್ಚಿನ ಮೆಟ್ಟಿಲ ಬುಡದಲ್ಲಿ ನಿಂತು, ಹತ್ತಲೋ ಬೇಡವೋ ಎಂದು ಬಾಗಿಲನ್ನೇ ನೋಡುತ್ತಿದ್ದಳು.

ನೋಡಬೇಕಾದ ಬಾಗಿಲೇ ಅದು! ಏಕೆಂದರೆ ಅಲ್ಲಿ ನಾನಿದ್ದೆ. ಅಂದು ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತ ಕನ್ನಡಿಗೆ ಹೇಳಿ ಬಂದಿದ್ದೆ: "ನಾನಿರುವ ತನಕ ಹೊಸಬರು ಯಾರೂ ನನ್ನ ಕೈಗೆ ಸಿಗದೆ ಒಳಗೆ ಹೋಗಕೂಡದು. ಸ್ವರ್ಗದ ಬಾಗಿಲಲ್ಲಿ ಪೇತ್ರ, ಇಲ್ಲಿ ನಾನು!" ಪೇತ್ರನ ಹತ್ತಿರ ಬೀಗದ ಕೈ ಇದೆ, ನನ್ನ ಹತ್ತಿರ ಇಲ್ಲ. ಅಷ್ಟೇ ವ್ಯತ್ಯಾಸ.

ನನಗೆ ಎಪ್ಪತ್ತೆರಡು ವರ್ಷ. ಓದಿದ್ದು ಮೂರನೇ ಕ್ಲಾಸು, ಅದೂ ಪರೀಕ್ಷೆಯ ದಿನ ಜ್ವರ. ಆ ಬಾಗಿಲಲ್ಲಿ ಮೊದಲು ನಿಲ್ಲುತ್ತಿದ್ದವರು ನಮ್ಮ ಯಜಮಾನರು. ಕ್ಷೌರದ ಅಂಗಡಿ ಇಟ್ಟಿದ್ದರು. ಕತ್ತರಿ ನಿಂತರೂ ಅವರ ಮಾತು ನಿಲ್ಲುತ್ತಿರಲಿಲ್ಲ. ಅಂಗಡಿಯಲ್ಲಿ ಊರವರ ತಲೆ, ಮನೆಗೆ ಬಂದರೆ ನನ್ನ ತಲೆ! "ಸ್ವಲ್ಪ ಬಾಯಿ ಮುಚ್ಚಿ" ಎಂದು ಮೂವತ್ತೆಂಟು ವರ್ಷ ಹೇಳಿದೆ. ನಾಲ್ಕು ವರ್ಷದ ಹಿಂದೆ ಮುಚ್ಚಿಬಿಟ್ಟರು. ಆಮೇಲೆ ಬಾಗಿಲ ಕೆಲಸ ನನ್ನ ಪಾಲಿಗೆ ಬಂತು.

ಒಮ್ಮೆ ಕೂತು ಎಣಿಸಿದೆ. ಸೋಮವಾರದಿಂದ ಶನಿವಾರದವರೆಗೆ ನಾನು ಬಾಯಿಬಿಟ್ಟು ಆಡಿದ್ದು ಇಪ್ಪತ್ತಮೂರು ಮಾತು. ಒಂಬತ್ತು ಹಾಲಿನವನಿಗೆ, ಹನ್ನೊಂದು ಕೆಳಮನೆಯ ಬೆಕ್ಕಿಗೆ, ಉಳಿದ ಮೂರು ಉಕ್ಕಿ ಹೋದ ಹಾಲಿಗೆ. ಆದ್ದರಿಂದ ಭಾನುವಾರ ನನ್ನ ಕೈಗೆ ಸಿಕ್ಕ ಹೊಸಬರ ಗತಿ ಏನಾಗುತ್ತಿತ್ತು ಎಂದು ನೀವೇ ಊಹಿಸಿಕೊಳ್ಳಿ!

ನಮ್ಮ ಚರ್ಚಿನಲ್ಲಿ ಹೊಸಬರಿಗೆ ಒಂದು ಪದ್ಧತಿ ಇದೆ. ಆರಾಧನೆ ಮುಗಿದ ಮೇಲೆ ಪಕ್ಕದ ಕೋಣೆಯಲ್ಲಿ ಎಲ್ಲರಿಗೂ ಟೀ. ಸಭೆಯವರಿಗೆ ಬಿಳಿ ಪಿಂಗಾಣಿ ಲೋಟ, ಹೊಸಬರಿಗೆ ನೀಲಿ. ಯಾರ ಕೈಯಲ್ಲಿ ನೀಲಿ ಲೋಟ ಕಂಡರೂ ನಾವೆಲ್ಲ ಹೋಗಿ ಮಾತನಾಡಿಸಬೇಕು. ಹಿಂದೊಮ್ಮೆ ಒಬ್ಬರು ಹೊಸದಾಗಿ ಬಂದು, ಕೋಟು ತೂಗುಹಾಕುವ ಗೂಟಗಳ ಪಕ್ಕ ಅರ್ಧ ಗಂಟೆ ಒಂಟಿಯಾಗಿ ನಿಂತು, ಗೂಟಗಳಿಗೇ ನಮಸ್ಕಾರ ಹೇಳಿ ಹೋದರಂತೆ. ಆಗ ನಮ್ಮ ಕಾರ್ಯದರ್ಶಿಗಳು, ನಿವೃತ್ತ ಹೆಡ್‌ಮಾಸ್ಟರು, ನಿಯಮ ಬರೆದು ಗೋಡೆಗೆ ಅಂಟಿಸಿದರು. ನಿಯಮ ಒಂದು: ನೀಲಿ ಲೋಟದವರನ್ನು ಒಂದು ನಿಮಿಷವೂ ಒಂಟಿಯಾಗಿ ಬಿಡಬಾರದು. ನಿಯಮ ಎರಡು: ಮೂರು ಭಾನುವಾರ ನೀಲಿ, ನಾಲ್ಕನೆಯ ಭಾನುವಾರದಿಂದ ಬಿಳಿ. ನಿಯಮ ಮೂರು: ಮೂರು ಪ್ರಶ್ನೆಗಳನ್ನು ಕೇಳಬೇಕು. ಮೊದಲನೇ ಸಲ ಬರ್ತಿದೀರಾ? ಎಲ್ಲಿಂದ ಬಂದ್ರಿ? ಮುಂದಿನ ವಾರಾನೂ ಬರ್ತೀರಲ್ವಾ? ಆದರೆ ಮೂರನೆಯದನ್ನು ಲೋಟ ಖಾಲಿಯಾಗುವ ತನಕ ಕೇಳಕೂಡದು. ಅರ್ಧ ಟೀಯಲ್ಲೇ ಕೇಳಿದರೆ ಜನ ಹೆದರುತ್ತಾರೆ ಎಂದು ಅವರ ಅನುಭವ.

ಸರಿ, ಬೂದು ಕೋಟಿನವಳು. ನಾನು ಮೂರು ಮೆಟ್ಟಿಲು ಇಳಿದು ಅವಳ ಎರಡೂ ಕೈ ಹಿಡಿದುಕೊಂಡೆ.

"ಬನ್ನಿ ಬನ್ನಿ! ಮೊದಲನೇ ಸಲ ಬರ್ತಿದೀರಾ?"

ಅವಳು ಬಾಯಿ ತೆರೆದಳು. ಮುಚ್ಚಿದಳು. ನನ್ನ ಕೈ ನೋಡಿದಳು.

"ಹೌ... ಹೌದು," ಎಂದಳು.

"ಅಂದ್ಕೊಂಡೆ! ಮುಖ ನೋಡಿದ್ರೇ ಗೊತ್ತಾಗುತ್ತೆ ನನಗೆ. ಈ ಬಾಗಿಲಿಂದ ಒಂದು ಮುಖ ತಪ್ಪಿಸಿಕೊಂಡು ಹೋಗಲಿ ನೋಡೋಣ!"

ಎಳೆದುಕೊಂಡು ಹೋಗಿ ಎರಡನೆಯ ಬೆಂಚಿನಲ್ಲಿ ಕೂರಿಸಿದೆ. ಪಾದ್ರಿಗಳು ಹೊಸಬರು ಎದ್ದು ನಿಲ್ಲಬೇಕು ಎಂದಾಗ ಅವಳು ಏಳಲಿಲ್ಲ. ನಾನು ಪಕ್ಕದಿಂದ ಮೊಣಕೈಯಲ್ಲಿ ತಿವಿದು ಎಬ್ಬಿಸಿದೆ. ಎಂಬತ್ತಮೂರು ಜನ ಚಪ್ಪಾಳೆ ತಟ್ಟಿದರು. ಅವಳ ಕಿವಿ ಕೆಂಪಾಯಿತು.

ನನಗೆ ಹೆಸರು ಬರೆಯಲು ಕೈ ತಡವರಿಸುತ್ತದೆ. ಹೊಸಬರ ಪುಸ್ತಕದಲ್ಲಿ ನಾನು ಗುರುತು ಬಿಡಿಸುತ್ತೇನೆ. ಹಲ್ಲಿನ ಡಾಕ್ಟರಿಗೆ ಹಲ್ಲು, ಕೊಡೆ ಮರೆತು ಹೋದವರಿಗೆ ಕೊಡೆ. ಇವಳಿಗೆ ಒಂದು ಗುಂಡಿ ಬಿಡಿಸಿದೆ, ನಾಲ್ಕು ತೂತು ಸಮೇತ. ನನ್ನ ಪಾಲಿಗೆ ಅವಳು ಗುಂಡಿಯಮ್ಮ ಆದಳು.

ಅಂದಿನ ಟೀ ನೀವು ನೋಡಬೇಕಿತ್ತು! ಹದಿನಾಲ್ಕು ಜನ ಮಾತನಾಡಿಸಿದರು. ಹಾಡಿನ ಮೇಷ್ಟ್ರು "ದನಿ ಹೇಗಿದೆ, ಒಂದು ಸಾಲು ಹಾಡಿ" ಎಂದರು. ನರ್ಸಮ್ಮ ಅಲ್ಲೇ ನಾಡಿ ಹಿಡಿದು ನೋಡಿದಳು. ಹಲ್ಲಿನ ಡಾಕ್ಟರು ಮಾತನಾಡದೆ ಬಾಯಿಯನ್ನೇ ನೋಡುತ್ತಿದ್ದರು. ಗುಂಡಿಯಮ್ಮ ನಕ್ಕಳು. ಎಲ್ಲರೂ ಹೋದ ಮೇಲೂ ನೀಲಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಕೊನೆಗೆ ನನ್ನ ನಾದಿನಿ ಬಂದು ಕಸಿದುಕೊಳ್ಳಬೇಕಾಯಿತು.

ನಾದಿನಿ ಎಂದರೆ ಯಜಮಾನರ ತಂಗಿ. ಟೀ ಕೋಣೆಯ ಮಹಾರಾಣಿ! ಅಣ್ಣನ ನಾಲಿಗೆಯೇ ಅವಳಿಗೂ ಬಂದಿದೆ. ಆದರೆ ಅವಳಿಗೆ ಮನೆ ತುಂಬ ಜನ; ನನಗೆ ಅವಳು ಸಿಗುವುದು ಭಾನುವಾರ ಮಾತ್ರ, ಅದೂ ಲೋಟ ತೊಳೆಯುವ ತೊಟ್ಟಿಯ ಹತ್ತಿರ.

"ಅತ್ತಿಗೆ, ಆ ಲೋಟ ನೀವು ಉಜ್ಜೋ ರೀತಿಗೆ ಬಣ್ಣ ಹೋಗಿ ಬಿಳಿ ಆಗುತ್ತೆ."

"ಆಗಲಿ ಬಿಡು, ಲೆಕ್ಕ ತಪ್ಪಿ ನಿನ್ನ ತಲೆ ಕೆಡಲಿ."

"ಆರು ನೀಲಿ. ಕಣ್ಣು ಮುಚ್ಚಿ ಎಣಿಸ್ತೀನಿ ನಾನು."

ಬಾಗಿಲ ಕೆಲಸ ಮುಗಿದ ಕೂಡಲೆ ನನ್ನ ಜಾಗ ಆ ತೊಟ್ಟಿ. ನಲ್ಲಿಯ ಕಡೆ ಮುಖ, ಸಭೆಯ ಕಡೆ ಬೆನ್ನು. ತೊಳೆಯುವವಳ ಬೆನ್ನು ಎಲ್ಲರಿಗೂ ಗೊತ್ತು. ಎಲ್ಲ ತೊಳೆದಾದ ಮೇಲೆ ಕೆಟಲಿನ ತಳದಲ್ಲಿ ಉಳಿದದ್ದನ್ನು ನಿಂತಲ್ಲೇ ಕುಡಿದು ಮನೆಗೆ ಹೋಗುತ್ತಿದ್ದೆ.

ಎರಡನೆಯ ಭಾನುವಾರ ಗುಂಡಿಯಮ್ಮ ಒಂಬತ್ತು ಗಂಟೆ ಎಂಟು ನಿಮಿಷಕ್ಕೇ ಬಂದಳು. ಹೊಸಬರು ಯಾರೂ ಇರಲಿಲ್ಲ. ಹತ್ತು ನಿಮಿಷ ಇಬ್ಬರೂ ಬಾಗಿಲಲ್ಲಿ ಮಾತನಾಡಿದೆವು. ಪಾರ್ಸೆಲ್ ಕಚೇರಿಯಲ್ಲಿ ಕೆಲಸವಂತೆ. ದಿನವೆಲ್ಲ ಡಬ್ಬಗಳ ಮೇಲಿನ ವಿಳಾಸ ಓದಿ ಬೇರೆ ಬೇರೆ ಮಾಡುವುದು.

"ಎಲ್ಲ ಡಬ್ಬಕ್ಕೂ ಹೋಗೋಕೆ ಒಂದು ಮನೆ ಇರುತ್ತೆ ಅಮ್ಮ," ಎಂದು ನಕ್ಕಳು. ಅವಳು ನಗುವಾಗ ಆ ಕಡೆ ತಿರುಗುತ್ತಾಳೆ.

ಮೂರನೆಯ ಭಾನುವಾರ ನಾನು ಸೂಜಿ ದಾರ ತಂದಿದ್ದೆ. ಮನೆಯಲ್ಲಿ ಯಜಮಾನರ ಹಳೆಯ ಕೋಟು ಇದೆ. ಅದರ ಒಂದು ಗುಂಡಿ ಕಿತ್ತು ತಂದೆ.

"ಬಿಚ್ಚು ಕೋಟು."

"ಬೇಡಮ್ಮ, ಇಲ್ಲೇ ಬಾಗಿಲಲ್ಲಾ?"

"ಆ ತೂತಿನಿಂದ ಗಾಳಿ ಒಳಗೆ ಹೋಗೋದು ನೋಡಿ ನೋಡಿ ಮೂರು ವಾರದಿಂದ ನನಗೇ ಶೀತ ಆಗಿದೆ. ಬಿಚ್ಚು!"

ಹೊಲಿದೆ. ಬಣ್ಣ ಸ್ವಲ್ಪ ಬೇರೆ. ಆದರೆ ಗಟ್ಟಿ. ಆ ವಾರ ಮನೆಯಲ್ಲಿ ಸೋಮವಾರದಿಂದ ಶನಿವಾರದ ತನಕ ಮೂವತ್ತೊಂದು ಮಾತು ಆಡಿದೆ. ಎಂಟು ಹೆಚ್ಚು. ಮುಂದಿನ ಭಾನುವಾರ ಅವಳಿಗೆ ಹೇಳಬೇಕಾದದ್ದನ್ನು ಗಟ್ಟಿಯಾಗಿ ಅಭ್ಯಾಸ ಮಾಡಿಕೊಂಡೆ.

ನಾಲ್ಕನೆಯ ಭಾನುವಾರ ಬಂತು. ಬಾಗಿಲಲ್ಲಿ ಹೊಸಬರನ್ನು ಹಿಡಿಯುವುದರಲ್ಲಿ ಅವಳ ಜೊತೆ ಮಾತಿಗೆ ಬಿಡುವಾಗಲಿಲ್ಲ. ನಿಯಮ ಎರಡು! ನಾದಿನಿ ಅವಳ ಕೈಗೆ ಬಿಳಿ ಲೋಟ ಕೊಟ್ಟು, "ಅಭಿನಂದನೆ, ಇನ್ನು ನೀವು ನಮ್ಮವರು" ಎಂದಳು. ಆ ಕ್ಷಣದಿಂದ ಅವಳ ಜೊತೆ ಯಾರೂ ಮಾತನಾಡಲಿಲ್ಲ. ಕೆಟ್ಟ ಬುದ್ಧಿಯಿಂದ ಅಲ್ಲ. ಅಂದು ಹೊಸದಾಗಿ ಮದುವೆಯಾದ ಜೋಡಿಯೊಂದು ಬಂದಿತ್ತು, ಎರಡು ನೀಲಿ ಲೋಟ! ಹಾಡಿನ ಮೇಷ್ಟ್ರು, ನರ್ಸಮ್ಮ, ಹಲ್ಲಿನ ಡಾಕ್ಟರು ಎಲ್ಲ ಆ ಕಡೆ ಓಡಿದರು. ನಾನು ತೊಟ್ಟಿಯಿಂದ ಕತ್ತು ತಿರುಗಿಸಿ ನೋಡಿದೆ. ಗುಂಡಿಯಮ್ಮ ಗೂಟಗಳ ಪಕ್ಕ ನಿಂತು, ಬಿಳಿ ಲೋಟದ ಒಳಗೆ ನೋಡುತ್ತಿದ್ದಳು. ಕೈ ಒರೆಸಿಕೊಂಡು ಹೋಗೋಣ ಎನ್ನುವಷ್ಟರಲ್ಲಿ ನಾದಿನಿ ಇನ್ನೊಂದು ತಟ್ಟೆ ಲೋಟ ತಂದು ಸುರಿದಳು. ತಿರುಗಿ ನೋಡಿದಾಗ ಗೂಟಗಳು ಮಾತ್ರ ಇದ್ದವು.

ಐದನೆಯ ಭಾನುವಾರ ಅವಳು ಬರಲಿಲ್ಲ. ಎರಡನೆಯ ಹಾಡು ಮುಗಿಯುವ ತನಕ ಬಾಗಿಲಲ್ಲಿ ನಿಂತೆ. ಅಭ್ಯಾಸ ಮಾಡಿಕೊಂಡ ಮಾತೆಲ್ಲ ಬಾಯಲ್ಲೇ ಉಳಿಯಿತು. ಆ ವಾರ ಮನೆಯಲ್ಲಿ ಆಡಿದ್ದು ಹದಿನಾಲ್ಕು ಮಾತು. ಬೆಕ್ಕು ಕೂಡ ಎರಡು ಸಲ ಬಂದು ನೋಡಿ ಹೋಯಿತು.

ಆರನೆಯ ಭಾನುವಾರವೂ ಇಲ್ಲ. ಆರಾಧನೆ ಮುಗಿದ ಮೇಲೆ ಹಾಡಿನ ಪುಸ್ತಕ ಜೋಡಿಸುತ್ತಿದ್ದ ಗಂಟೆಯಣ್ಣನನ್ನು ಕೇಳಿದೆ. ಚರ್ಚಿನ ಗಂಟೆ ಹೊಡೆಯುವುದು, ಬೀಗ ಹಾಕುವುದು ಎಲ್ಲ ಅವನದೇ.

"ಗಂಟೆಯಣ್ಣ, ಆ ಬೂದು ಕೋಟಿನ ಹೊಸಬಳು ಬಿಟ್ಟೇ ಹೋದಳಲ್ಲ."

"ಯಾವ ಹೊಸಬಳು?"

"ಅದೇ, ಗುಂಡಿ ಇಲ್ಲದವಳು. ಈಗ ಇದೆ."

ಗಂಟೆಯಣ್ಣ ಪುಸ್ತಕ ಕೆಳಗಿಟ್ಟ. "ಅವಳು ಎಲ್ಲಿ ಹೋದಳಕ್ಕ? ಈಗ ತಾನೆ ಎದ್ದು ಹೋದಳು. ಕಂಬದ ಹಿಂದಿನ ಬೆಂಚು ಅವಳದು. ಆರು ವರ್ಷದಿಂದ ವಾರವಾರ ಅಲ್ಲೊಂದು ಪುಸ್ತಕ ಇಡ್ತಿದೀನಿ."

"ಆರು... ವರ್ಷ?"

"ಹೂಂ. ಪಕ್ಕದ ಬಾಗಿಲಿಂದ ಬರ್ತಾಳೆ. ಬಸ್ ಸ್ಟಾಪ್ ಆ ಕಡೆ ಅಲ್ವಾ. ಕೊನೇ ಹಾಡು ಮುಗಿದ ಕೂಡಲೆ ಬಸ್ಸಿಗೆ ಓಡ್ತಾಳೆ. ನಡುವೆ ಒಂದು ದಿನ ಬಾಗಿಲಿಗೆ ಬಣ್ಣ ಬಳಿದು 'ಹಸಿ ಇದೆ, ಮುಟ್ಟಬೇಡಿ' ಅಂತ ಹಲಗೆ ಹಾಕಿದ್ದೆ. ಅವತ್ತಿಂದ ನಾಲ್ಕು ವಾರ ನಿಮ್ಮ ಕಡೆಯಿಂದ ಬಂದಿರಬೇಕು, ಈಗ ಎರಡು ವಾರದಿಂದ ಮತ್ತೆ ಕಂಬದ ಹಿಂದೆ."

ಚರ್ಚಿಗೆ ಇನ್ನೊಂದು ಬಾಗಿಲಿದೆ ಎಂದು ನನಗೆ ಗೊತ್ತಿಲ್ಲದೆ ಏನಿಲ್ಲ. ಅದು ಹಾಡುವವರು ಬಂದು ಹೋಗುವ ಬಾಗಿಲು ಎಂದುಕೊಂಡಿದ್ದೆ. ಪೇತ್ರ ಮುಂಬಾಗಿಲಲ್ಲಿ ಮೀಸೆ ತಿರುವುತ್ತಿದ್ದರೆ ಹಿಂದಿನಿಂದ ಜನ ಬಂದು ಕೂತು, ಆರು ವರ್ಷ ಪ್ರಾರ್ಥನೆ ಮಾಡಿ ಎದ್ದು ಹೋಗುತ್ತಿದ್ದಾರೆ! ನಾನು ಬಾಗಿಲಿಗೆ ನಿಂತದ್ದು ನಾಲ್ಕು ವರ್ಷದ ಹಿಂದೆ. ನನ್ನ ಬಾಗಿಲ ಕೆಲಸಕ್ಕಿಂತ ಹಳಬಳನ್ನು ಹಿಡಿದು ತಂದು, ಹೊಸಬಳು ಎಂದು ಚಪ್ಪಾಳೆ ಹೊಡೆಸಿದ್ದೆ!

ಅವಳನ್ನು ಮತ್ತೆ ಕೂಡಿಸಿಕೊಳ್ಳಬೇಕು. ಬಿಳಿ ಲೋಟದಿಂದ ಆಗುವ ಕೆಲಸವಲ್ಲ. ಲೋಟ ತೊಳೆಯುತ್ತ ತೊಳೆಯುತ್ತ ಒಂದು ನೀಲಿ ಲೋಟವನ್ನು ಸ್ವೆಟರಿನೊಳಗೆ ಸೇರಿಸಿದೆ. ಎಪ್ಪತ್ತೆರಡು ವರ್ಷ ಬಾಳಿ, ಮೊದಲ ಕಳ್ಳತನ ಚರ್ಚಿನಲ್ಲಿ!

"ಅತ್ತಿಗೆ, ಐದೇ ಇದೆ."

"ಕಣ್ಣು ಬಿಟ್ಟು ಎಣಿಸು."

"ಬಿಟ್ಟೇ ಎಣಿಸಿದೆ!"

"ಹಾಗಾದ್ರೆ ಮುಚ್ಚಿ ಎಣಿಸು."

ಏಳನೆಯ ಭಾನುವಾರ ಕಾರ್ಯದರ್ಶಿಗಳು ವೇದಿಕೆ ಹತ್ತಿ ಗಂಟಲು ಸರಿಮಾಡಿಕೊಂಡರು. "ಆರು ನೀಲಿ ಲೋಟಗಳಲ್ಲಿ ಒಂದು ಕಾಣೆಯಾಗಿದೆ. ತೆಗೆದುಕೊಂಡವರು ತಮ್ಮ ಮನಸ್ಸಾಕ್ಷಿಯ ದನಿ ಕೇಳಬೇಕಾಗಿ ವಿನಂತಿ."

ನನ್ನ ಮನಸ್ಸಾಕ್ಷಿ ತೊಡೆಯ ಮೇಲಿನ ಚೀಲದಲ್ಲಿತ್ತು, ಮನೆಯ ಬೀಗದ ಕೈಯ ಜೊತೆ. ಚೀಲ ಸ್ವಲ್ಪ ಸರಿಸಿದೆ. ಟಿಣ್! ಎಂದಿತು. ಪಾದ್ರಿಗಳು "ಮೌನವಾಗಿ ನಮ್ಮ ಪಾಪಗಳನ್ನು ಅರಿಕೆ ಮಾಡೋಣ" ಎಂದರು. ಸೂಜಿ ಬಿದ್ದರೂ ಕೇಳುವ ಮೌನ. ಟಿಣ್! ಪಕ್ಕದಲ್ಲಿದ್ದ ಹಲ್ಲಿನ ಡಾಕ್ಟರು ಒಂದು ಕಣ್ಣು ತೆರೆದರು. ನಾನು ಎರಡನ್ನೂ ಬಿಗಿಯಾಗಿ ಮುಚ್ಚಿದೆ. ಟಿಣ್, ಟಿಣ್!

ಕೊನೆಯ ಹಾಡು ಶುರುವಾದ ಕೂಡಲೆ ಟೀ ಕೋಣೆಗೆ ಜಾರಿದೆ. ನಾದಿನಿ ಕೆಟಲ್ ಇಳಿಸಿಟ್ಟು ಆಶೀರ್ವಾದಕ್ಕೆ ಒಳಗೆ ಹೋಗಿದ್ದಳು. ಅದನ್ನು ಅವಳು ತಪ್ಪಿಸಿಕೊಳ್ಳುವುದೇ ಇಲ್ಲ. ನೀಲಿ ಲೋಟದ ತುಂಬ ಟೀ ಬಗ್ಗಿಸಿಕೊಂಡು, ಹೊರಗಿನಿಂದ ಸುತ್ತು ಹಾಕಿ, ಪಕ್ಕದ ಬಾಗಿಲಿಗೆ ಮೂಗು ತಾಗುವಷ್ಟು ಹತ್ತಿರ ನಿಂತೆ. ಈ ಸಲ ತಪ್ಪಿಸಿಕೊಳ್ಳಬಾರದಲ್ಲ!

ಒಂದು ಸಣ್ಣ ವಿಷಯ ಮರೆತಿದ್ದೆ. ಆ ಬಾಗಿಲು ಹೊರಗಡೆಗೆ ತೆರೆಯುತ್ತದೆ.

ಹಾಡು ನಿಂತಿತು. ಒಳಗೆ ಪಾದ್ರಿಗಳು ಆಶೀರ್ವಾದಕ್ಕೆ ಎರಡೂ ಕೈ ಎತ್ತಿದರು. ಬಸ್ಸಿಗೆ ಓಡುವವಳು ಬಾಗಿಲು ತಳ್ಳಿದಳು. ದಢ್!

"ಅಯ್ಯೋ ದೇವರೇ!"

ಅಷ್ಟು ಮನಸ್ಸಿಟ್ಟು ನಾನು ದೇವರನ್ನು ಆವತ್ತಿನ ತನಕ ಕರೆದಿರಲಿಲ್ಲ. ಅರ್ಧ ಟೀ ಸ್ವೆಟರಿನ ಮೇಲೆ, ಅರ್ಧ ಲೋಟದಲ್ಲಿ. ಲೋಟ ಮಾತ್ರ ಬೀಳಲು ಬಿಡಲಿಲ್ಲ, ದೀಪದ ಹಾಗೆ ಎತ್ತಿ ಹಿಡಿದಿದ್ದೆ! ತೆರೆದ ಬಾಗಿಲಿಂದ ಎಂಬತ್ತಮೂರು ಮುಖ ಈ ಕಡೆ ತಿರುಗಿತ್ತು. ಪಾದ್ರಿಗಳ ಕೈ ಎತ್ತಿದ್ದು ಎತ್ತಿದಂತೇ ಇತ್ತು.

ಮೊದಲು ಓಡಿಬಂದವಳು ನಾದಿನಿ. "ಅತ್ತಿಗೆ! ನೀಲಿ ಲೋಟ!"

"ಸುಟ್ಟಿತಾ ಅಂತ ಮೊದಲು ಕೇಳು."

"ಸುಟ್ಟಿತಾ?"

"ಇಲ್ಲ. ನೀನು ಮಾಡಿದ ಟೀ ಯಾವತ್ತು ಸುಡೋ ಹಾಗಿತ್ತು?"

ಅಷ್ಟರಲ್ಲಿ ಕಾರ್ಯದರ್ಶಿಗಳು ಬಂದರು, ಹಿಂದೆ ಅರ್ಧ ಸಭೆ. "ನೀವಾ? ಮೂವತ್ತೊಂದು ವರ್ಷದ ಸದಸ್ಯರು ನೀವು!"

"ನಾನೇ ಕದ್ದೆ ಸಾರ್. ಇವಳಿಗೋಸ್ಕರ."

ಅವರು ಗುಂಡಿಯಮ್ಮನನ್ನು ನೋಡಿದರು. "ಇವರ ಮೂರು ವಾರ ಮುಗಿದಿದೆಯಲ್ಲ. ನಿಯಮ ಎರಡು."

"ಮೂರು ವಾರ ಅಲ್ಲ ಸಾರ್," ಎಂದಳು ಗುಂಡಿಯಮ್ಮ ಮೆಲ್ಲಗೆ. "ಆರು ವರ್ಷ."

ಹಾಡಿನ ಮೇಷ್ಟ್ರು, "ಮತ್ತೆ ಹೊಸಬರು ಅಂತ ನಾವೆಲ್ಲ ಚಪ್ಪಾಳೆ ಹೊಡೆದ್ವಲ್ಲ!" ಎಂದರು.

"ಚೆನ್ನಾಗಿ ಹೊಡೆದ್ರಿ."

"ಮತ್ತೆ ನನಗ್ಯಾಕೆ ಹೌದು ಅಂದೆ?" ಎಂದು ನಾನು ಕೇಳಿದೆ.

ಅವಳು ಆ ಕಡೆ ತಿರುಗಿದಳು. ಈ ಸಲ ನಗಲಿಲ್ಲ. "ಆರು ವರ್ಷದಲ್ಲಿ ಯಾರೂ ಏನೂ ಕೇಳಿರಲಿಲ್ಲ ಅಮ್ಮ. ನೀವು ಕೈ ಬೇರೆ ಹಿಡ್ಕೊಂಡಿದ್ರಿ. ಇಲ್ಲ ಅಂದ್ರೆ ಬಿಟ್ಟುಬಿಡ್ತೀರೇನೋ ಅನ್ನಿಸ್ತು."

ನನ್ನ ಸ್ವೆಟರಿನ ಮೇಲೆ 'ಸ್ವಾಗತ' ಎಂದು ಬರೆದ ಬಿಲ್ಲೆ ಇತ್ತು. ಈಗ ಟೀ ಕುಡಿದು ಕಂದು ಬಣ್ಣಕ್ಕೆ ತಿರುಗಿತ್ತು. ಬಿಚ್ಚಿ ಕಾರ್ಯದರ್ಶಿಗಳ ಕೈಯಲ್ಲಿಟ್ಟೆ.

"ಬೇರೆ ಯಾರನ್ನಾದ್ರೂ ನಿಲ್ಲಿಸಿ ಸಾರ್. ಕಣ್ಣಿದ್ದವರನ್ನ. ಇನ್ನು ನನಗೆ ಮನೇಲಿ ರೇಡಿಯೋ ಆರಾಧನೆಯೇ ಸಾಕು. ಅದಕ್ಕೆ ಬಾಗಿಲೂ ಇಲ್ಲ, ಲೋಟವೂ ಇಲ್ಲ."

ಕಾರ್ಯದರ್ಶಿಗಳು ಬಿಲ್ಲೆಯನ್ನು ಏನು ಮಾಡುವುದೆಂದು ತಿಳಿಯದೆ ಜೇಬಿಗೆ ಹಾಕಿದರು, ಜೇಬು ಒದ್ದೆಯಾಯಿತು, ತೆಗೆದರು. ಇದಕ್ಕೆ ನಿಯಮ ಇರಲಿಲ್ಲ. ಒಳಗಿಂದ ಗಂಟೆಯಣ್ಣ ಕೂಗಿದ: "ಮುಂಬಾಗಿಲಿಂದ ತಡವಾಗಿ ಅಪ್ಪ ಅಮ್ಮ ಮೂರು ಮಕ್ಕಳು ಬಂದು ಕೂತಿದಾರೆ, ಯಾರೂ ಮಾತಾಡಿಸಿಲ್ಲ! ಐದು ನೀಲಿ ಲೋಟ ಬೇಕು!"

"ಐದೇ ಇರೋದು!" ಎಂದು ನಾದಿನಿ ಓಡಿದಳು. ಅವಳ ಹಿಂದೆ ಎಲ್ಲರೂ ಓಡಿದರು. ಅಭ್ಯಾಸಬಲ.

ಪಕ್ಕದ ಬಾಗಿಲ ಮೆಟ್ಟಿಲ ಮೇಲೆ ನಾವಿಬ್ಬರೇ ಉಳಿದೆವು. ಬಸ್ಸು ಹೋಗಿ ಆಗಿತ್ತು. ಮುಂದಿನದು ಒಂದು ಗಂಟೆಗೆ. ನಾನು ಲೋಟವನ್ನು ಮೆಟ್ಟಿಲ ಮೇಲಿಟ್ಟು, ಚೀಲ ಎತ್ತಿಕೊಂಡು ಹೊರಟೆ. ಅವಳು ನನ್ನ ಎರಡೂ ಕೈ ಹಿಡಿದು ಮೆಟ್ಟಿಲ ಮೇಲೆ ಕೂರಿಸಿದಳು. ತಾನೂ ಪಕ್ಕದಲ್ಲಿ ಕೂತು, ಕೋಟಿನ ಆ ಗುಂಡಿ ಬಿಚ್ಚಿ, ಕೋಟಿನ ಅಂಚಿನಿಂದ ನನ್ನ ಸ್ವೆಟರ್ ಒರೆಸಿದಳು. ಆಮೇಲೆ ನೀಲಿ ಲೋಟವನ್ನು ನನ್ನ ಕೈಗೆ ಕೊಟ್ಟಳು.

"ಇದು ನಿನಗೆ ತಂದದ್ದು," ಎಂದೆ.

"ಕುಡೀರಿ." ಗಂಟಲು ಸರಿಮಾಡಿಕೊಂಡಳು, ಥೇಟ್ ಕಾರ್ಯದರ್ಶಿಗಳ ಹಾಗೆ. "ಮೊದಲನೇ ಸಲ ಬರ್ತಿದೀರಾ?"

"ಈ ಮೆಟ್ಟಿಲಿಗಾ? ಹೌದು."

"ಎಲ್ಲಿಂದ ಬಂದ್ರಿ?"

"ಆ ಕಡೆ ಬಾಗಿಲಿಂದ."

ಅವಳು ನಕ್ಕಳು, ಈ ಕಡೆ ತಿರುಗಿಯೇ. ಆಮೇಲೆ ಏನೂ ಕೇಳಲಿಲ್ಲ. ಟೀ ಆರಿತ್ತು, ಸಕ್ಕರೆ ತಳದಲ್ಲಿ ಕೂತಿತ್ತು. ನಾನು ನಿಧಾನವಾಗಿ ಕುಡಿದೆ, ಎಷ್ಟು ನಿಧಾನವೆಂದರೆ ಒಂದೊಂದು ಗುಟುಕನ್ನೂ ಎಣಿಸಿದೆ. ಒಂಬತ್ತು. ಅವಳು ಬಗ್ಗಿ ಲೋಟದೊಳಗೆ ನೋಡಿದಳು, ಇನ್ನೂ ಒಂದು ಗುಟುಕು ಇದೆ ಎಂದು ಬೆರಳಲ್ಲಿ ತೋರಿಸಿದಳು. ಅದನ್ನೂ ಕುಡಿದೆ. ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡು, ತಲೆಕೆಳಗು ಮಾಡಿ, ಒಂದು ಹನಿಯೂ ಬೀಳುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ಕೇಳಿದಳು:

"ಮುಂದಿನ ವಾರಾನೂ ಬರ್ತೀರಲ್ವಾ?"